ಹೆಡ್ಮಾಸ್ಟ್ರು ಹೇಳದ ಮಾತು

ನನ್ನ ಜಾಗಕ್ಕೆ ಅಟೆಂಡರ್ ಆಗಿ ಬಂದಿರುವ ಪ್ರವೀಣ ಮೊನ್ನೆ ಮಡಂತ್ಯಾರಿನಲ್ಲಿ ಮೀನಿನ ಅಂಗಡಿಯ ಎದುರು ಸಿಕ್ಕಿದ. ಕೈಯಲ್ಲಿ ಬಂಗುಡೆ ತುಂಬಿದ ಪ್ಲಾಸ್ಟಿಕ್ ತೊಟ್ಟೆ, ಮುಖದಲ್ಲಿ ಸುಸ್ತು.

"ಬಾಬಣ್ಣ, ಎಡ್ಮಿಶನ್ ಶುರುವಾಯ್ತು. ಬಂದವರೆಲ್ಲ ಆಫೀಸಿಗೆ ಹೋಗುವ ಮೊದ್ಲು ನನ್ನ ಹತ್ರ ಬರ್ತಾರೆ. ಸೈನ್ಸ್ ಒಳ್ಳೇದಾ, ಕಾಮರ್ಸ್ ಒಳ್ಳೇದಾ ಅಂತ ಕೇಳ್ತಾರೆ. ನಾನು ಎಂತ ಹೇಳುದು ಮಾರಾಯ್ರೆ?"

"ಗೊತ್ತಿಲ್ಲ ಅಂತ ಹೇಳು."

"ಹಾಗೆ ಹೇಳಿದ್ರೆ ನಂಬುದಿಲ್ಲ. ಇವ ಗೊತ್ತಿದ್ದೂ ಬಿಂಕ ಮಾಡ್ತಾನೆ ಅಂತಾರೆ."

ಅವನ ಕಷ್ಟ ನನಗೆ ಚೆನ್ನಾಗಿ ಗೊತ್ತು. ರಸ್ತೆ ಬದಿಯಲ್ಲಿ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಎಂದು ಇಲ್ಲಿ ಬರೆಯುತ್ತಿದ್ದೇನೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಕೆಲಸದಲ್ಲಿ ಮಾಡಿದ ಒಂದು ತಪ್ಪನ್ನು ಮಾತ್ರ ನಾನೇ ತಿದ್ದಬೇಕಿತ್ತು. ಅದಕ್ಕೆ ನಾನು ಬಹಳ ತಡ ಮಾಡಿದೆ.

ಗುರುವಾಯನಕೆರೆಯ ಹತ್ತಿರ ಹೈಸ್ಕೂಲು ಮತ್ತು ಪಿಯು ಕಾಲೇಜು ಒಂದೇ ಕಂಪೌಂಡಿನಲ್ಲಿರುವ ಕಡೆ ನನಗೆ ಕೆಲಸ ಸಿಕ್ಕಿತು. ಅಪ್ಪ ಕೆಂಪು ಕಲ್ಲಿನ ಕೋರೆಯಲ್ಲಿ ದುಡಿದು ಸೊಂಟ ಕಳೆದುಕೊಂಡಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ಬೆಲ್ ಹೊಡೆಯುವುದು, ಚಾಕ್ ತುಂಬಿಸುವುದು, ಲ್ಯಾಬ್ ತೊಳೆಯುವುದು ಇವೆಲ್ಲ ಕೆಲಸಕ್ಕೆ ಸೇರಿದ ದಿನವೇ ಕಲಿಯುವಂಥದ್ದು. ಆದರೆ ಅಟೆಂಡರನ ನಿಜವಾದ ಕೆಲಸ ಬೇರೆ ಇದೆ, ಅದನ್ನು ಯಾರೂ ಕಲಿಸುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದೇ ಆ ಕೆಲಸ.

ಆಗ ಮೊಬೈಲು ಇರಲಿಲ್ಲ. ಹತ್ತನೆಯ ರಿಸಲ್ಟ್ ಬಂದ ಮೇಲೆ, ಮಕ್ಕಳು ಯಾವ ವಿಷಯ ತೆಗೆದುಕೊಳ್ಳಬೇಕೆಂದು ಮಾತಾಡಲು ತಂದೆತಾಯಿಯನ್ನು ಕರೆಸುವುದಿತ್ತು. ಕರೆಯಲು ನಾನು ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಸಭೆಯಲ್ಲಿ ಪ್ರಿನ್ಸಿಪಾಲರು ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ವಿವರಿಸುತ್ತಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದರು. ಸಭೆ ಮುಗಿದ ಕೂಡಲೇ ಅವರೆಲ್ಲ ನಲ್ಲಿಯ ಹತ್ತಿರ ನನ್ನನ್ನು ಸುತ್ತುವರಿದು ತುಳುವಿನಲ್ಲಿ ಕೇಳುತ್ತಿದ್ದರು: "ಅವರು ಹೇಳಿದ್ದು ಎಂತ ಬಾಬು?" ಪ್ರಿನ್ಸಿಪಾಲರನ್ನು ಎರಡನೆಯ ಸಲ ಕೇಳಲು ನಾಚಿಕೆ. ನನ್ನನ್ನು ಕೇಳಲು ನಾಚಿಕೆ ಇಲ್ಲ. ಹೀಗೆ ಏಳನೆಯ ಕ್ಲಾಸಿನವನ ಬಾಯಿಯಿಂದ ಎಷ್ಟೋ ಮಕ್ಕಳ ದಾರಿ ತೀರ್ಮಾನ ಆಗುತ್ತಿತ್ತು.

ಮೊದಲ ವರ್ಷವೇ ಎಡವಿದೆ. ಲೋಕಯ್ಯಣ್ಣ ಎಂಬವರಿಗೆ ಮಡಂತ್ಯಾರು ರಸ್ತೆಯಲ್ಲಿ ಜಿನಸಿನ ಅಂಗಡಿ. ಮಗನಿಗೆ ಕಾಮರ್ಸ್ ಬೇಕೆಂದು ಆಸೆ. "ಕಾಮರ್ಸ್ ಅಂದ್ರೆ ಎಂತದು?" ಎಂದು ಲೋಕಯ್ಯಣ್ಣ ಕೇಳಿದರು. ನಾನು ದೊಡ್ಡ ತಿಳಿದವನಂತೆ, "ಅಂಗಡಿಯ ಲೆಕ್ಕಾಚಾರ ಕಲಿಸುದು" ಎಂದೆ.

"ಅಷ್ಟೆಯಾ? ಅದನ್ನು ನಾನೇ ಕಲಿಸ್ತೇನೆ. ಅದಕ್ಕೆ ಕಾಲೇಜು ಯಾಕೆ?"

ಹುಡುಗ ಮರುದಿನದಿಂದ ಅಂಗಡಿಯಲ್ಲಿ ಬೆಲ್ಲ ತೂಗುತ್ತಾ ಕೂತ. ಸುದ್ದಿ ತಿಳಿದು ಪ್ರಿನ್ಸಿಪಾಲರು ನನ್ನನ್ನು ಚೇಂಬರಿಗೆ ಕರೆಸಿದರು. ಬೈಯುತ್ತಾರೆಂದು ನಾನು ಬಾಗಿಲಿನಲ್ಲೇ ನಿಂತೆ. ಅವರು ಬೈಯಲಿಲ್ಲ.

"ಬಾಬು, ನಾನು ಹೇಳಿದ್ದನ್ನು ಹೇಳು. ನಾನು ಹೇಳದ್ದನ್ನು ಸೇರಿಸ್ಬೇಡ. ಮತ್ತೆ, ಏನು ಹೇಳುವುದಾದರೂ ಆ ಮಗುವಿನ ಎದುರೇ ಹೇಳು. ತಪ್ಪಿದ್ದರೆ ಮಗುವೇ ತಿದ್ದುತ್ತದೆ. ಈಗ ಹೋಗಿ ಸರಿಮಾಡಿ ಬಾ."

ಹೋದೆ. ಅಂಗಡಿಯ ಎದುರು, ಗಿರಾಕಿಗಳು ಕೇಳುವಂತೆ, "ನಾನು ಹೇಳಿದ್ದು ತಪ್ಪು ಲೋಕಯ್ಯಣ್ಣ, ನಂಗೆ ಗೊತ್ತಿರ್ಲಿಲ್ಲ" ಎಂದೆ. ಅವರು ನಕ್ಕು, "ನಿಂಗೆ ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಇಷ್ಟು ದೂರ ಸೈಕಲ್ ತುಳಿದದ್ದಾ ಮಾರಾಯ?" ಎಂದು ಸೋಡಾ ಕೊಟ್ಟರು. ಹುಡುಗ ಕಾಲೇಜಿಗೆ ಬಂದ. ಆ ಪ್ರಿನ್ಸಿಪಾಲರನ್ನು ನಾನು ಇವತ್ತಿಗೂ ಕೃತಜ್ಞತೆಯಿಂದ ನೆನೆಯುತ್ತೇನೆ. ತಪ್ಪು ಮಾಡಿದವನನ್ನೇ ತಿದ್ದಲು ಕಳಿಸುವ ಮೇಲಧಿಕಾರಿಗಳು ಕಡಿಮೆ.

ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಮಕ್ಕಳ ಮಂತ್ರಿಮಂಡಲ ಇರುವುದು ಗೊತ್ತಲ್ಲ. ಶಾಲಾ ನಾಯಕ, ನೀರಾವರಿ ಮಂತ್ರಿ, ಕೃಷಿ ಮಂತ್ರಿ, ಶಿಸ್ತು ಮಂತ್ರಿ, ಕೊನೆಗೆ ವಿರೋಧ ಪಕ್ಷದ ನಾಯಕ. ಚುನಾವಣೆಯೂ ಉಂಟು, ಪ್ರಮಾಣವಚನವೂ ಉಂಟು. ಯಾರಿಗೆ ಯಾವ ಖಾತೆ ಎಂದು ಮಾಸ್ಟ್ರುಗಳು ಕೂತು ಹಂಚುತ್ತಿದ್ದರು, ನಾನು ಚಹಾ ಕೊಡುತ್ತಾ ಕೇಳುತ್ತಿದ್ದೆ. ಒಬ್ಬ ಹುಡುಗನಿಗೆ ಮಾತು ತೊದಲುತ್ತಿತ್ತು. ಅವನನ್ನು ವಾರ್ತಾ ಮಂತ್ರಿ ಮಾಡಿದರೆ ಮಾತು ಸರಿಯಾದೀತು ಎಂದು ಒಬ್ಬ ಮಾಸ್ಟ್ರು. "ಮೊದಲು ಅವನಿಗೆ ಎಂತ ಬೇಕು ಅಂತ ಕೇಳುವ" ಎಂದು ಇನ್ನೊಬ್ಬರು. ಕೇಳಿದರೆ ಅವನಿಗೆ ನೀರಾವರಿ ಬೇಕು. ಪಂಪ್ ಶೆಡ್ಡಿನ ಕೀಲಿ ಅವನ ಕೈಗೆ ಬಂತು. ವರ್ಷವಿಡೀ ನಮ್ಮ ಟ್ಯಾಂಕಿ ಒಂದು ದಿನವೂ ತುಂಬಿ ಹರಿಯಲಿಲ್ಲ, ಒಂದು ದಿನವೂ ಖಾಲಿಯಾಗಲಿಲ್ಲ. ಪಂಪಿನ ಹತ್ತಿರ ನನ್ನೊಡನೆ ಮಾತಾಡುವಾಗ ಅವನ ತೊದಲು ಅರ್ಧ ಕಡಿಮೆ ಇರುತ್ತಿತ್ತು. ದೊಡ್ಡವರು ಮಗುವಿಗೆ ಯಾವುದು ಒಳ್ಳೆಯದೆಂದು ಯೋಚಿಸುವ ಮೊದಲು ಮಗುವನ್ನೇ ಕೇಳಬೇಕೆಂದು ನಾನು ಕಲಿತದ್ದು ಅಲ್ಲಿ. ಕಲಿತೂ ಮರೆತೆ. ಅದನ್ನೇ ಈಗ ಹೇಳಬೇಕು.

ನನಗೆ ಕೆಮಿಸ್ಟ್ರಿ ಲ್ಯಾಬಿನ ಕೆಲಸವೂ ಇತ್ತು. ಅಲ್ಲಿಯ ಲೆಕ್ಚರರ್ ಪದ್ಮರಾಜ ಸರ್. ಅವರ ಗಂಟಲು ದೊಡ್ಡದು. "ಬಾಬೂ, ಕಣ್ಣು ಎಲ್ಲಿ ಉಂಟು ನಿಂಗೆ?" ಎಂದು ಮಕ್ಕಳೆದುರೇ ಕೂಗುತ್ತಿದ್ದರು. ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಒಮ್ಮೆ ನಾನು ಬಾಟಲಿಗಳನ್ನು ಅದಲು ಬದಲು ಇಟ್ಟು, ಇಡೀ ಬ್ಯಾಚಿನ ಪ್ರಯೋಗ ಹಾಳಾಯಿತು. ಪ್ರಿನ್ಸಿಪಾಲರು ವಿಚಾರಿಸಿದಾಗ ಪದ್ಮರಾಜ ಸರ್, "ನಾನು ನೋಡ್ಕೊಳ್ಬೇಕಿತ್ತು ಸರ್" ಎಂದು ಮಾತು ಮುಗಿಸಿದರು. ಸಂಜೆ ನನ್ನನ್ನು ಕೂರಿಸಿ ಬಾಟಲಿಗಳ ಇಂಗ್ಲಿಷ್ ಅಕ್ಷರ ಓದಲು ಕಲಿಸಿದರು. ನನಗೆ ಬರುವ ಇಂಗ್ಲಿಷ್ ಅಷ್ಟೆ: ಆಸಿಡ್‌ಗಳ ಹೆಸರು. ಬೈಯುವವರೆಲ್ಲ ಕೆಟ್ಟವರಲ್ಲ ಎಂದು ತಿಳಿಯಲು ನನಗೆ ಸಮಯ ಹಿಡಿಯಿತು.

ಆದರೆ ಆ ನಗು ನನಗೆ ಚುಚ್ಚುತ್ತಿತ್ತು. ಯಾಕೆಂದರೆ ಮನೆಯಲ್ಲಿ ನಾನು ಬೇರೆಯೇ ಹೇಳಿದ್ದೆ. ಲ್ಯಾಬಿನಲ್ಲಿ ಮಕ್ಕಳಿಗೆ ಪ್ರಯೋಗ ತೋರಿಸುವವನು ನಾನು ಎಂದು. ಇಸ್ತ್ರಿಯ ಬಿಳಿ ಅಂಗಿ ಹಾಕಿ ಮನೆಯಿಂದ ಹೊರಡುತ್ತಿದ್ದೆ, ಸ್ಟೋರ್ ರೂಮಿನಲ್ಲಿ ಖಾಕಿಗೆ ಬದಲಾಯಿಸುತ್ತಿದ್ದೆ. ಅಮ್ಮ, ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ, "ನನ್ನ ಮಗ ಇಲ್ಲದಿದ್ರೆ ಅಲ್ಲಿ ಕ್ಲಾಸೇ ಆಗುದಿಲ್ಲ" ಎಂದು ಹೇಳಿಕೊಂಡು ಬರುತ್ತಿದ್ದರು. ನಾನು ತಿದ್ದಲಿಲ್ಲ.

ನನ್ನ ತಂಗಿ ಸುಮತಿ ನನಗಿಂತ ತುಂಬಾ ಚಿಕ್ಕವಳು. ಊರಿನ ಸರಕಾರಿ ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಹತ್ತನೆಯದರಲ್ಲಿ ಅವಳು ಅಲ್ಲಿಯ ವಿಜ್ಞಾನ ಮಂತ್ರಿ. ಮನೆಯ ಹಿಂದೆ ಬಾಟಲಿಯ ಮುಚ್ಚಳಗಳಲ್ಲಿ ದಾಸವಾಳದ ರಸ, ಲಿಂಬೆ ರಸ, ಬಟ್ಟೆ ಸೋಡಾ ಇಟ್ಟು ಬಣ್ಣ ಬದಲಾಯಿಸುವುದನ್ನು ಅಮ್ಮನಿಗೆ ತೋರಿಸುತ್ತಿದ್ದಳು. ಹತ್ತಿರದಲ್ಲಿ ಸೈನ್ಸ್ ಇದ್ದದ್ದು ನಮ್ಮ ಕಾಲೇಜಿನಲ್ಲಿ ಮಾತ್ರ. "ಅಣ್ಣ, ನಿನ್ನ ಲ್ಯಾಬಿಗೇ ಬರ್ತೇನೆ. ಆಗ ನೀನು ನಂಗೆ ಜೋರು ಮಾಡ್ಲಿಕ್ಕಿಲ್ಲ" ಎನ್ನುತ್ತಿದ್ದಳು. ಅವಳು ಹಾಗೆ ಅಂದಾಗಲೆಲ್ಲ ನನಗೆ ಆ ಲ್ಯಾಬೇ ಕಣ್ಣಿಗೆ ಬರುತ್ತಿತ್ತು. ಅವಳು ಬೆಂಚಿನ ಮೇಲೆ, ನಾನು ಸಿಂಕಿನ ಹತ್ತಿರ. ಪದ್ಮರಾಜ ಸರ್ ಕೂಗುವುದು, ಮಕ್ಕಳು ನಗುವುದು, ಆ ಮಕ್ಕಳ ನಡುವೆ ಇವಳು.

ರಿಸಲ್ಟ್ ಬಂತು, ಒಳ್ಳೆಯ ಮಾರ್ಕು. ಅವಳ ಹೆಡ್ಮಾಸ್ಟ್ರು ಶೀನಪ್ಪ ಮಾಸ್ಟ್ರು ಮನೆಯವರನ್ನು ಕರೆಸಿದರು. ಅಪ್ಪನಿಗೆ ಏಳಲು ಆಗದು. ಸುಮತಿ ಅಜ್ಜಿಮನೆಗೆ ಹೋಗಿದ್ದಳು, ಎರಡು ದಿನ ಕಾಯಬಹುದಿತ್ತು. ನಾನು ಕಾಯಲಿಲ್ಲ, ಒಬ್ಬನೇ ಹೋದೆ.

"ಸೈನ್ಸಿಗೇ ಹಾಕ್ತೀರಲ್ಲ ಬಾಬು? ನಿಮ್ಮಲ್ಲಿಯೇ ಉಂಟು" ಎಂದು ಶೀನಪ್ಪ ಮಾಸ್ಟ್ರು ನಗುತ್ತಾ ಕೇಳಿದರು.

"ಇಲ್ಲ ಮಾಸ್ಟ್ರೆ. ಅವಳಿಗೇ ಬೇಡವಂತೆ. ಆರ್ಟ್ಸ್ ಸಾಕು ಅಂತ ಹೇಳಿದ್ದಾಳೆ."

ಮಾಸ್ಟ್ರ ಮುಖ ಸಣ್ಣದಾಯಿತು. "ಹಾಗಾ" ಎಂದರು.

ಸುಮತಿ ಅಜ್ಜಿಮನೆಯಿಂದ ಹಿಂತಿರುಗಿದ ಕೂಡಲೇ, "ಮಾಸ್ಟ್ರು ಎಂತ ಹೇಳಿದ್ರು?" ಎಂದು ಓಡಿಕೊಂಡು ಬಂದಳು. ನಾನು, "ನಿಂಗೆ ಸೈನ್ಸ್ ಆಗ್ಲಿಕ್ಕಿಲ್ಲ ಅಂದ್ರು. ಆರ್ಟ್ಸ್ ತಗೊಳ್ಳಿ ಅಂದ್ರು" ಎಂದೆ.

"ಮಾಸ್ಟ್ರೇ ಹೇಳಿದ್ರಾ?"

"ಹೌದು."

ಆ ಕಡೆಗೊಂದು ಸುಳ್ಳು, ಈ ಕಡೆಗೊಂದು ಸುಳ್ಳು. ಮಾತು ಮುಟ್ಟಿಸುವುದೇ ಅನ್ನವಾಗಿದ್ದವನು ಮಾಡಿದ ಕೆಲಸ ಅದು. ಅವಳು ಅಳಲಿಲ್ಲ, ವಾದಿಸಲಿಲ್ಲ. ಬಾಟಲಿಯ ಮುಚ್ಚಳಗಳನ್ನು ತೊಳೆದು ಅಮ್ಮನಿಗೆ ಕೊಟ್ಟಳು. ನಮ್ಮ ಕಾಲೇಜಿನಲ್ಲಿ ಆರ್ಟ್ಸ್ ಇಲ್ಲದ್ದರಿಂದ ಬಂಟ್ವಾಳದ ಬಸ್ಸು ಹಿಡಿದು ಅಲ್ಲಿ ಸೇರಿದಳು. ಬಿ.ಎ. ಮಾಡಿದಳು, ಮೂಡುಬಿದಿರೆಯ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿದಳು, ಅಲ್ಲಿಯೇ ಮದುವೆಯಾಗಿ ನೆಲೆಸಿದಳು. ಅವಳ ಬದುಕು ಹಾಳಾಯಿತೆಂದು ಯಾರೂ ಹೇಳಲಾರರು. ಅದನ್ನೇ ನಾನೂ ನನಗೆ ಹೇಳಿಕೊಳ್ಳುತ್ತಿದ್ದೆ.

ಆಮೇಲಿನ ವರ್ಷಗಳಲ್ಲಿ ನಾನು ಕೆಲಸದಲ್ಲಿ ಬಹಳ ಜಾಗ್ರತೆಯ ಮನುಷ್ಯನಾದೆ. ಯಾವ ಮನೆಗೆ ಹೋದರೂ "ಮಗು ಎಲ್ಲಿ? ಕರೆಯಿರಿ" ಎಂದೇ ಮಾತು ಶುರು ಮಾಡುತ್ತಿದ್ದೆ. ನನ್ನನ್ನು ಎಲ್ಲರೂ ಒಳ್ಳೆಯವನೆಂದರು. ಹಾಗೆ ಅಂದಷ್ಟೂ ನನಗೆ ಸುಮತಿಯ ಮುಖ ನೋಡುವುದು ಕಷ್ಟವಾಗುತ್ತಿತ್ತು.

ಕಾಲ ಬದಲಾಯಿತು. ಸೈಕಲ್ಲು ಹೋಯಿತು, ಫೋನ್ ಬಂತು, ಆಮೇಲೆ ವಾಟ್ಸಾಪು ಬಂತು. ಮೂಡುಬಿದಿರೆಯ ಕಡೆಯಿಂದ ದೊಡ್ಡ ಕಾಲೇಜುಗಳವರು ಬ್ಯಾನರು ಹಿಡಿದು ಬರತೊಡಗಿದರು. ಪಿ.ಸಿ.ಎಂ.ಬಿ., ಪಿ.ಸಿ.ಎಂ.ಸಿ. ಎಂಬ ಸೈನ್ಸ್ ವಿಷಯಗಳ ಅಕ್ಷರಗಳನ್ನು ನಾನು ಬಸ್ಸಿನ ಹೆಸರಿನಂತೆ ಬಾಯಿಪಾಠ ಮಾಡಿದೆ. ಹೈಸ್ಕೂಲಿನಲ್ಲಿ ಮೂರನೆಯ ಭಾಷೆಯಾಗಿ ತುಳು ತೆಗೆದುಕೊಳ್ಳಬಹುದು ಎಂದಾದಾಗ ಒಬ್ಬ ತಾಯಿ, "ತುಳು ಕಲೀಲಿಕ್ಕೆ ಶಾಲೆಗೆ ಕಳಿಸ್ಬೇಕಾ? ಇವನ ತುಳು ಕೇಳಿ ಕೇಳಿ ನಂಗೆ ಸಾಕಾಗಿದೆ" ಎಂದು ನಗಿಸಿದರು. ಈಗ ಲ್ಯಾಪ್‌ಟಾಪ್ ಇಟ್ಟುಕೊಂಡ ಕೌನ್ಸೆಲರುಗಳು ಬರುತ್ತಾರೆ. ಬಂದವರು ಹೋದ ಮೇಲೆ ಜನ ಈಗಲೂ ನಲ್ಲಿಯ ಹತ್ತಿರ ಅಟೆಂಡರನ್ನು ಹುಡುಕುತ್ತಾರೆ. ಅದು ಮಾತ್ರ ಬದಲಾಗಲಿಲ್ಲ.

ನಾನು ನಿವೃತ್ತನಾದ ಮೇಲೆ ಸುಮತಿಯ ಮಗಳು ಧನ್ಯಾ ಹತ್ತನೆಯದು ಪಾಸಾದಳು. ಅವಳು ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಅಭಿನಂದನೆ ಹೇಳಲು ನಾನು ಮೂಡುಬಿದಿರೆಗೆ ಹೋದೆ. ಜಗಲಿಯಲ್ಲಿ ತಾಯಿಮಗಳ ಜಗಳ ನಡೆದಿತ್ತು.

"ನಂಗೆ ಸೈನ್ಸೇ ಬೇಕು" ಎಂದಳು ಧನ್ಯಾ.

"ಬೇಡ ಮಗಾ. ನಮ್ಮ ಕಡೆಯವರ ತಲೆಗೆ ಅದು ಹತ್ತುದಿಲ್ಲ. ನಾನೂ ವಿಜ್ಞಾನ ಮಂತ್ರಿ ಅಂತ ಹಾರಾಡಿದವಳೇ. ಶೀನಪ್ಪ ಮಾಸ್ಟ್ರು ಆಗುದಿಲ್ಲ ಅಂತ ಹೇಳಿದ್ರು. ಅವರು ಸುಮ್ಮನೆ ಹೇಳುವ ಜನ ಅಲ್ಲ. ಆಮೇಲೆ ಫೇಲಾಗಿ ಅಳುದಕ್ಕಿಂತ ಈಗಲೇ ಬಿಡು."

ಧನ್ಯಾ ನನ್ನ ಕಡೆ ತಿರುಗಿದಳು. "ಮಾವ, ನೀವು ಕಾಲೇಜಿನಲ್ಲಿದ್ದವರು. ಅಮ್ಮನಿಗೆ ಸ್ವಲ್ಪ ಹೇಳಿ."

ನಾನು ಹೇಳಿದ ಒಂದು ಸುಳ್ಳು ತಾಯಿಯನ್ನು ದಾಟಿ ಮಗಳ ತನಕ ಬಂದು ನಿಂತಿತ್ತು. ಈಗ ಬಾಯಿ ಬಿಡದಿದ್ದರೆ ಇವಳಿಗೂ ಸೈನ್ಸ್ ಇಲ್ಲ. ಬಾಯಿ ಬಿಟ್ಟರೆ ನನಗೆ ತಂಗಿ ಇಲ್ಲ. ಹಾಗೆಂದೇ ನಾನು ತಿಳಿದದ್ದು.

"ಶೀನಪ್ಪ ಮಾಸ್ಟ್ರು ಹಾಗೆ ಹೇಳ್ಲೇ ಇಲ್ಲ ಸುಮತಿ. ನಾನು ಹೇಳಿದ್ದು."

ಅವಳಿಗೆ ಅರ್ಥವಾಗಲಿಲ್ಲ. ನಾನು ಮೊದಲಿನಿಂದ ಹೇಳಿದೆ. ಅಜ್ಜಿಮನೆಗೆ ಅವಳು ಹೋದದ್ದು, ನಾನು ಕಾಯದೆ ಹೋದದ್ದು, ಅಲ್ಲಿ ಹೇಳಿದ್ದು, ಇಲ್ಲಿ ಹೇಳಿದ್ದು. ಯಾಕೆಂದೂ ಹೇಳಿದೆ. ಖಾಕಿ, ಸಿಂಕು, ಮಕ್ಕಳ ನಗು.

ಧನ್ಯಾ ಮೆಲ್ಲನೆ ಎದ್ದು ಒಳಗೆ ಹೋದಳು.

"ಖಾಕಿ!" ಎಂದಳು ಸುಮತಿ. "ಶನಿವಾರ ಶನಿವಾರ ಒಗೆಯಲಿಕ್ಕೆ ಮನೆಗೆ ತರ್ತಿದ್ದಿ. ಒಗೆದವಳು ನಾನು. ಆಸಿಡ್ ಬಿದ್ದ ತೂತಿಗೆ ತೇಪೆ ಹಾಕಿದವಳು ನಾನು. ಲ್ಯಾಬಿನ ಕೋಟು ಅಂತ ಹೇಳ್ತಿದ್ದಿ. ನಂಗೆ ಅಷ್ಟೂ ಬುದ್ಧಿ ಇರ್ಲಿಲ್ಲ ಅಂತ ಗ್ರಹಿಸಿದ್ದಾ?"

ನಾನು ತಲೆ ತಗ್ಗಿಸಿದೆ.

"ಅದು ಹೋಗ್ಲಿ. ಆರ್ಟ್ಸ್ ಓದಿದ್ದಕ್ಕೆ ನಂಗೆ ಬೇಜಾರಿಲ್ಲ. ಆದ್ರೆ ಮಾಸ್ಟ್ರು? ಅಷ್ಟು ಪ್ರೀತಿಯಲ್ಲಿ ಕಲಿಸಿದವರು ನನ್ನ ಬೆನ್ನ ಹಿಂದೆ ಹಾಗೆ ಹೇಳಿದ್ರಲ್ಲ ಅಂತ ಅವರನ್ನು ಕಂಡ್ರೆ ದಾರಿ ಬದಲಿಸ್ತಿದ್ದೆ. ಮದುವೆಗೆ ಕರೀಲಿಲ್ಲ. ಅವರ ಹೆಂಡತಿ ತೀರಿಕೊಂಡಾಗಲೂ ಹೋಗ್ಲಿಲ್ಲ ಅಣ್ಣ."

ಇದು ನನಗೆ ಗೊತ್ತಿರಲಿಲ್ಲ. ನಾನು ಇಷ್ಟು ವರ್ಷ ಕೊರಗಿದ್ದು ಅವಳ ಕೈತಪ್ಪಿದ ಓದಿಗಾಗಿ. ಕೈತಪ್ಪಿದ್ದು ಒಬ್ಬ ಗುರು ಎಂದು ತಿಳಿದದ್ದು ಆಗ.

"ಮಾಸ್ಟ್ರು ಇದ್ದಾರಾ?" ಎಂದು ಕೇಳಿದಳು.

"ಇದ್ದಾರೆ. ಅಳದಂಗಡಿಯಲ್ಲಿ, ಮಗನ ಜೊತೆ."

"ನಾಳೆ ಹೋಗುವ."

ಮರುದಿನ ಬಸ್ಸಿನಲ್ಲಿ ಅವಳು ಎದುರಿನ ಸೀಟಿನಲ್ಲಿ, ನಾನು ಹಿಂದೆ. ಅಳದಂಗಡಿಯಲ್ಲಿ ಇಳಿದ ಮೇಲೂ ಅವಳು ಮುಂದೆ, ನಾನು ಹಿಂದೆ. ಶೀನಪ್ಪ ಮಾಸ್ಟ್ರು ಸಣ್ಣಗಾಗಿದ್ದರು. ಕಿವಿ ಸ್ವಲ್ಪ ಮಂದ, ಕಣ್ಣು ಮಾತ್ರ ಚುರುಕು. ಸುಮತಿ ಕಾಲಿಗೆ ಬಿದ್ದಳು. "ಯಾರು?" ಎಂದವರು ಹೆಸರು ಕೇಳಿದೊಡನೆ, "ವಿಜ್ಞಾನ ಮಂತ್ರಿ!" ಎಂದರು.

ನಾನು ಹೇಳಲು ಬಾಯಿ ತೆರೆದೆ. ಸುಮತಿ ಕೈಯಲ್ಲಿ ತಡೆದಳು. ತಾನೇ ಹೇಳಿದಳು, ಗಟ್ಟಿಯಾಗಿ, ಅವರಿಗೆ ಕೇಳುವಂತೆ. ನಾನು ಮಾಡಿದ್ದನ್ನು ಒಂದು ಮಾತು ಹೆಚ್ಚಿಸದೆ, ಒಂದು ಮಾತು ತಗ್ಗಿಸದೆ ಹೇಳಿದಳು. ನನ್ನ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡಿದಳು.

ಮಾಸ್ಟ್ರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಅವಳನ್ನು.

"ನಂಗೆ ನಿನ್ನ ಮೇಲೆ ಸಿಟ್ಟಿತ್ತು ಮಗಾ. ಇಷ್ಟು ಕಲಿಸಿದೆ, ಬೇಡ ಅಂತ ನಂಗೆ ಒಂದು ಮಾತು ಬಂದು ಹೇಳ್ಬಾರದಾ ಅಂತ. ಮಡಂತ್ಯಾರಿನಲ್ಲಿ ಒಂದೆರಡು ಸಲ ಕಂಡೆ. ಕರೀಬೇಕು ಅಂತ ಇತ್ತು. ನೀನು ಆಚೆ ದಾಟಿ ಹೋದಿ. ನಾನೂ ಸುಮ್ಮನಾದೆ."

"ನಂಗೆ ಸೈನ್ಸ್ ಆಗ್ತಿತ್ತಾ ಮಾಸ್ಟ್ರೆ?"

"ಆಗ್ತಿತ್ತು. ಆಗುದೆಂತ, ನಿಂಗಲ್ಲದೆ ಮತ್ಯಾರಿಗೆ ಆಗ್ಬೇಕು?"

ಐವತ್ತು ದಾಟಿದ ನನ್ನ ತಂಗಿ ಹತ್ತನೆಯ ಕ್ಲಾಸಿನ ಹುಡುಗಿಯ ಹಾಗೆ ಅತ್ತಳು. ನಾನು ಹೊರಗೆ ಬಂದು ಚಪ್ಪಲಿ ಬಿಟ್ಟಲ್ಲಿ ನಿಂತೆ. ಕ್ಷಮಿಸಿ ಎಂದು ಮಾಸ್ಟ್ರಲ್ಲಿ ಕೇಳಿದ್ದು ಹೊರಡುವಾಗ. ಅವರು, "ನೀನು ಬಂದಿ. ಬರದಿದ್ರೆ ನಾನು ಈ ಸಿಟ್ಟು ಇಟ್ಕೊಂಡೇ ಹೋಗ್ತಿದ್ದೆ" ಎಂದರು. ನನಗೆ ಅಷ್ಟು ಸಿಕ್ಕಿದ್ದೇ ಹೆಚ್ಚು.

ಅಳದಂಗಡಿಯ ಬಸ್ ಸ್ಟಾಪಿಗೆ ಬಂದೆವು. ಅವಳ ಬಸ್ಸು ಮೂಡುಬಿದಿರೆಗೆ, ನನ್ನದು ಗುರುವಾಯನಕೆರೆಯಾಗಿ ಮಡಂತ್ಯಾರಿಗೆ. ಮೂಡುಬಿದಿರೆಯ ಬಸ್ಸು ಬಂದು ನಿಂತಾಗ ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

"ಸೋಮವಾರ ಧನ್ಯಾಳ ಕಾಲೇಜಿಗೆ ಹೋಗ್ಲಿಕ್ಕುಂಟು. ನೀನೂ ಬಾ."

"ನಾನ್ಯಾಕೆ?"

"ಮನೆಯಲ್ಲಿ ಅಮ್ಮನಿಗೂ ಎಲ್ಲ ಗೊತ್ತಾಗ್ಬೇಕಲ್ಲ. ಅವರಿಗೆ ಫೋನ್ ಸರಿ ಕೇಳುದಿಲ್ಲ. ಅಲ್ಲಿ ಎಂತ ಆಯ್ತು ಅಂತ ನೀನೇ ಹೋಗಿ ಹೇಳು." ಬಸ್ಸಿನ ಮೆಟ್ಟಿಲು ಹತ್ತಿ, "ಆದ ಹಾಗೆ ಹೇಳು" ಎಂದಳು.

ಸೋಮವಾರ ಕಾಲೇಜಿಗೆ ಹೋದೆ. ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲ ಮಾತು ಧನ್ಯಾಳದ್ದೇ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಕಿವಿಕೊಟ್ಟು ಕೇಳಿದೆ. ಪ್ರವೀಣ, ನೀನೂ ಅಷ್ಟೇ ಮಾಡು. ನಿನ್ನನ್ನು ಕೇಳುವವರ ಪಕ್ಕದಲ್ಲಿ ಆ ಮಗು ನಿಂತಿರುತ್ತದೆ. ಅವರನ್ನು ಅದರ ಕಡೆ ತಿರುಗಿಸು.

ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ: "ಧನ್ಯಾ ಸೈನ್ಸ್ ತಗೊಂಡಳು ಅಮ್ಮ."

"ಹೌದಾ? ಅವಳಿಗೆ ಆಗ್ತದಂತಾ?"

"ಆಗ್ತದೆ ಅಂತಲೂ ಯಾರೂ ಹೇಳ್ಲಿಲ್ಲ, ಆಗುದಿಲ್ಲ ಅಂತಲೂ ಹೇಳ್ಲಿಲ್ಲ. ಅವಳಿಗೆ ಬೇಕಂತೆ. ಅದನ್ನು ಅವಳೇ ಹೇಳಿದಳು, ನಾನು ಕೇಳಿದೆ."